ಪೋರ್ಚುಗಲ್ಲಿನ ಬೆಟ್ಟದ ವಿಲ್ಲಾದಲ್ಲಿ ಒಂಬತ್ತು ಜನರ ರಜೆ: ಆಗಸ್ಟಿನಲ್ಲಿ ಡೌರೊ ಕಣಿವೆ ಸರಿಯೇ?

ಶರಾವತಿ ತೀರ:
ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿದ್ದೇವೆ. ಬರುವ ಆಗಸ್ಟಿನಲ್ಲಿ ಊರಿನಿಂದ ಅತ್ತೆ-ಮಾವ, ಬೆಂಗಳೂರಿನಿಂದ ಮೈದುನ, ಓರಗಿತ್ತಿ ಮತ್ತು ಅವರ ಇಬ್ಬರು ಮಕ್ಕಳು ಬರುವವರಿದ್ದು, ಎಲ್ಲರೂ ಸೇರಿ ಒಂದು ವಾರವನ್ನು ಪೋರ್ಚುಗಲ್ಲಿನಲ್ಲಿ ಕಳೆಯಬೇಕೆಂದಿದ್ದೇವೆ. ಡೌರೊ ಕಣಿವೆಯಲ್ಲಿ ಪಿನ್ಯಾವ್ ಎಂಬ ಊರಿನ ಮೇಲ್ಭಾಗದಲ್ಲಿ, ದ್ರಾಕ್ಷಿ ತೋಟಗಳ ನಡುವೆ ಇರುವ ಒಂದು ಕಲ್ಲಿನ ಮನೆ ನನಗೆ ಬಹಳ ಹಿಡಿಸಿದೆ. ನಾಲ್ಕು ಮಲಗುವ ಕೋಣೆಗಳು, ಈಜುಕೊಳ, ಅಂಗಳದಲ್ಲಿ ನಿಂತರೆ ಕೆಳಗೆ ಹೊಳೆಯ ತಿರುವು.

ನಮ್ಮ ಮನೆಯವರು ಇದಕ್ಕೆ ಒಪ್ಪುತ್ತಿಲ್ಲ. ಪೋರ್ಟೊ ನಗರದಲ್ಲೇ ಅಪಾರ್ಟ್‌ಮೆಂಟ್ ಹಿಡಿಯೋಣ, ಬೆಟ್ಟದ ಮೇಲೆ ಹೋಗಿ ಸಿಕ್ಕಿಹಾಕಿಕೊಳ್ಳುವುದು ಬೇಡ ಎನ್ನುತ್ತಾರೆ. ಮಾವನವರಿಗೆ ಮಂಡಿನೋವಿದೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ನಮ್ಮ ಮಗಳಿಗೆ ಐದು ವರ್ಷ. ಅಲ್ಲಿ ಹೋಗಿ ಬಂದವರು ಅಥವಾ ಅಲ್ಲೇ ಇರುವವರು ದಯವಿಟ್ಟು ತಿಳಿಸಿ: ನನ್ನ ಆಸೆ ಅತಿಯಾಯಿತೇ?

ಪೋರ್ಟೊ ಕನ್ನಡಿಗ:
ಆಸೆ ಅತಿಯಾಗಿಲ್ಲ, ತಿಂಗಳು ತಪ್ಪಾಗಿದೆ. ಅಟ್ಲಾಂಟಿಕ್ ಕಡೆಯಿಂದ ಬರುವ ತಂಪುಗಾಳಿಯನ್ನೂ ಮಳೆಯನ್ನೂ ಪಶ್ಚಿಮದಲ್ಲಿರುವ ಮರಾವ್ ಬೆಟ್ಟಸಾಲು ತಡೆದುಬಿಡುವುದರಿಂದ, ಪೋರ್ಟೊದಲ್ಲಿ 25 ಡಿಗ್ರಿ ಇರುವ ದಿನವೂ ಪಿನ್ಯಾವ್ ಸುತ್ತ 38 ಡಿಗ್ರಿ ಇರಬಹುದು. 40 ದಾಟುವ ದಿನಗಳೂ ಬರುತ್ತವೆ. ಅಲ್ಲಿನ ನೆಲವೆಲ್ಲ ಪದರು ಪದರಾದ ಶಿಸ್ಟ್ ಕಲ್ಲು. ಹಗಲೆಲ್ಲ ಕಾದ ಆ ಕಲ್ಲು ರಾತ್ರಿ ಬಹಳ ಹೊತ್ತಿನವರೆಗೂ ಶಾಖವನ್ನು ಬಿಡುತ್ತಲೇ ಇರುತ್ತದೆ. ದ್ರಾಕ್ಷಿಗೆ ಅದು ವರ, ಅದರಿಂದಲೇ ಅಲ್ಲಿನ ಪೋರ್ಟ್ ವೈನ್ ಹೆಸರಾಗಿದೆ. ಮಧ್ಯಾಹ್ನ ಅಂಗಳದಲ್ಲಿ ಕೂರಬೇಕೆನ್ನುವ ಹಿರಿಯರಿಗೆ ಮಾತ್ರ ಅದು ವರವಲ್ಲ.

ಹಾಗೆಂದು ನೋಡುವಂಥದ್ದಲ್ಲ ಎಂದು ಭಾವಿಸಬೇಡಿ. 1756ರಲ್ಲಿ ಆಗಿನ ಪೋರ್ಚುಗಲ್ಲಿನ ಪ್ರಬಲ ಮಂತ್ರಿ ಪೊಂಬಾಲಿನ ಮಾರ್ಕ್ವಿಸ್ ಗಡಿ ಗುರುತಿಸಿದ ವೈನ್ ಪ್ರದೇಶವಿದು, 2001ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕೈಯಿಂದ ಕಟ್ಟಿದ ಕಲ್ಲಿನ ಮೆಟ್ಟಿಲುಗದ್ದೆಗಳಂಥ ಆ ತೋಟಗಳನ್ನು ನಿಂತು ನೋಡಿದರೆ ಎಷ್ಟು ತಲೆಮಾರುಗಳು ಇದಕ್ಕೆ ಬೆನ್ನು ಬಗ್ಗಿಸಿರಬೇಕು ಎನ್ನಿಸುತ್ತದೆ.

ಬಿಸಿಲೂರಿನವ:
ಆಗಸ್ಟಿನಲ್ಲಿ ಡೌರೊಗೆ ಹೋಗುವುದೆಂದರೆ ಮೇ ತಿಂಗಳಲ್ಲಿ ಯೂರೋ ಕೊಟ್ಟು ರಾಯಚೂರಿಗೆ ಹೋದಂತೆ.

ಅಂಚೆಪೆಟ್ಟಿಗೆ:
ಬಿಸಿಲೂರಿನವರೇ, ನಿಮ್ಮ ಮಾತು ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ. ಅಲ್ಲಿನದು ಒಣ ಸೆಖೆ, ನೆರಳಿಗೆ ಬಂದರೆ ಸಹಿಸಬಹುದು. ಹಳೆಯ ಕಲ್ಲಿನ ಮನೆಗಳ ಗೋಡೆಗಳು ದಪ್ಪವಾಗಿದ್ದು, ಬೆಳಿಗ್ಗೆಯೇ ಕಿಟಕಿಯ ಹೊರಬಾಗಿಲುಗಳನ್ನು ಮುಚ್ಚಿಬಿಟ್ಟರೆ ಒಳಗೆ ತಂಪಾಗಿಯೇ ಇರುತ್ತದೆ. ಅಲ್ಲಿಯ ಜನ ಮಧ್ಯಾಹ್ನ ಹೊರಗೆ ತಿರುಗುವುದೂ ಇಲ್ಲ. ಹೊತ್ತು ಮುಳುಗುವುದು ಎಂಟೂವರೆಯ ಆಸುಪಾಸಿನಲ್ಲಾದ್ದರಿಂದ ಆರಕ್ಕೆ ಹೊರಟರೂ ಎರಡೂವರೆ ಗಂಟೆ ಬೆಳಕು ಸಿಗುತ್ತದೆ. ಒಂದು ವಾರದ ಸೆಖೆಗೆ ಹೆದರಿ ಅಪಾರ್ಟ್‌ಮೆಂಟಿನಲ್ಲಿ ಕೂರುವುದಾದರೆ ಲೀಡ್ಸ್‌ನಲ್ಲೇ ಕೂರಬಹುದಲ್ಲ.

ಕಾಡಂಚು:
ಸೆಖೆಯ ವಿಷಯವನ್ನೇ ಎಲ್ಲರೂ ಆಡುತ್ತಿದ್ದೀರಿ, ಬೆಂಕಿಯ ವಿಷಯವನ್ನು ಯಾರೂ ಎತ್ತಿಲ್ಲ. ಪೋರ್ಚುಗಲ್ಲಿನ ಒಳನಾಡಿನ ಬೆಟ್ಟಗಳಲ್ಲಿ ಮುಖ್ಯವಾಗಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕಾಡ್ಗಿಚ್ಚಿನ ಕಾಲ. 2017ರ ಜೂನ್‌ನಲ್ಲಿ ಪೆಡ್ರೊಗಾವ್ ಗ್ರಾಂಡೆ ಎಂಬಲ್ಲಿ 66 ಜನರು ಸತ್ತರು. ಅವರಲ್ಲಿ ಹೆಚ್ಚಿನವರು ತಪ್ಪಿಸಿಕೊಳ್ಳಲೆಂದು ಹೊರಟು ರಸ್ತೆಯ ಮೇಲೆ ತಮ್ಮ ಕಾರುಗಳಲ್ಲಿಯೇ ಸಿಕ್ಕಿಹಾಕಿಕೊಂಡವರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮತ್ತೊಂದು ದುರಂತ ನಡೆಯಿತು. 2018ರ ಆಗಸ್ಟಿನಲ್ಲಿ ದಕ್ಷಿಣದ ಮೊನ್ಶಿಕ್ ಬೆಟ್ಟಗಳು, 2025ರ ಆಗಸ್ಟಿನಲ್ಲಿ ಪಿಯೊಡಾವ್ ಸುತ್ತಿನ ಬೆಟ್ಟಗಳು ದಿನಗಟ್ಟಲೆ ಉರಿದವು.

ಹೆದರಿಸಲೆಂದು ಇದನ್ನು ಬರೆಯುತ್ತಿಲ್ಲ. ಡೌರೊದ ದ್ರಾಕ್ಷಿ ತೋಟಗಳ ನಡುವಿನ ಮನೆ, ನೀಲಗಿರಿ ಮತ್ತು ಪೈನ್ ಕಾಡಿನ ನಡುವಿನ ಮನೆಗಿಂತ ಸುರಕ್ಷಿತ, ಏಕೆಂದರೆ ನೆಲ ಉತ್ತಿರುತ್ತದೆ, ಒಣಪೊದೆ ಕಡಿಮೆ. ಆದರೆ ಮನೆ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಹೊರಹೋಗಲು ಎರಡನೆಯ ದಾರಿ ಇದೆಯೇ? ಕಾನೂನು ಹೇಳುವಂತೆ ಮನೆಯ ಸುತ್ತ 50 ಮೀಟರ್ ಕುರುಚಲು ತೆಗೆದಿದ್ದಾರೆಯೇ? ಮೊಬೈಲ್ ಸಿಗ್ನಲ್ ಬರುತ್ತದೆಯೇ? ಅಲ್ಲಿನ ಹವಾಮಾನ ಸಂಸ್ಥೆಯಾದ ಐಪಿಎಂಎ ಪ್ರತಿದಿನ ತಾಲ್ಲೂಕುವಾರು ಬೆಂಕಿಯ ಅಪಾಯದ ನಕ್ಷೆ ಪ್ರಕಟಿಸುತ್ತದೆ. ಅಪಾಯ ಹೆಚ್ಚಿರುವ ದಿನಗಳಲ್ಲಿ ತೆರೆದ ಒಲೆ ಹಚ್ಚುವಂತಿಲ್ಲ, ಕಾಡಿನ ದಾರಿಗಳನ್ನೂ ಮುಚ್ಚುತ್ತಾರೆ. ತುರ್ತಿಗೆ 112.

ಮಲೆನಾಡ ಮೇಷ್ಟ್ರು:
ನೀಲಗಿರಿಯ ಮಾತು ಬಂದದ್ದರಿಂದ ಒಂದು ಮಾತು. ಪೋರ್ಚುಗಲ್ಲಿನ ಕಾಡಿನಲ್ಲಿ ಸುಮಾರು ಕಾಲುಭಾಗ ನೀಲಗಿರಿಯೇ, ಬಹುಪಾಲು ಕಾಗದದ ಕಾರ್ಖಾನೆಗಳಿಗಾಗಿ ಬೆಳೆಸಿದ್ದು. 2017ರ ದುರಂತದ ಬಳಿಕ ಅಲ್ಲಿ ಹೊಸ ನೀಲಗಿರಿ ನೆಡುವುದಕ್ಕೆ ಕಾನೂನಿನ ಕಡಿವಾಣ ಬಿತ್ತು. ನಮ್ಮ ಕರ್ನಾಟಕದಲ್ಲೂ ಅದೇ ವರ್ಷ ಅಂತರ್ಜಲದ ಕಾರಣ ನೀಡಿ ನೀಲಗಿರಿ ನೆಡುವುದನ್ನು ನಿಷೇಧಿಸಿದರು. ಸಾಗರ, ಭದ್ರಾವತಿ ಕಡೆಯ ನೆಡುತೋಪುಗಳನ್ನು ನೋಡಿ ಬೆಳೆದವರಿಗೆ ಮಧ್ಯ ಪೋರ್ಚುಗಲ್ಲಿನ ಬೆಟ್ಟಗಳು ಅಪರಿಚಿತವೆನಿಸಲಾರವು.

ಅಂಚೆಪೆಟ್ಟಿಗೆ:
ಮೇಷ್ಟ್ರೇ, ಬೆಂಕಿಗೆಲ್ಲ ನೀಲಗಿರಿಯೇ ಕಾರಣವೆಂದು ಅಲ್ಲಿಯೂ ಎಲ್ಲರೂ ಒಪ್ಪುವುದಿಲ್ಲ. ಯುವಕರು ಫ್ರಾನ್ಸಿಗೂ ಲಿಸ್ಬನ್ನಿಗೂ ವಲಸೆ ಹೋಗಿ ಹೊಲಗಳು ಪಾಳುಬಿದ್ದು, ಮೇಯಿಸುವವರಿಲ್ಲದೆ ಪೊದೆ ಬೆಳೆದದ್ದೂ ಅಷ್ಟೇ ದೊಡ್ಡ ಕಾರಣ. ನಾವು ಮತ್ತೆ ವಿಲ್ಲಾಕ್ಕೆ ಮರಳುವುದು ಒಳ್ಳೆಯದು.

ಸ್ಟಿಯರಿಂಗ್ ಹಿಂದೆ:
ಬೆಟ್ಟದ ಮನೆಗಳ ಅಸಲಿ ಪರೀಕ್ಷೆ ಕೊನೆಯ ಎರಡು ಕಿಲೋಮೀಟರಿನಲ್ಲಿ ನಡೆಯುತ್ತದೆ, ಅದನ್ನು ಯಾವ ಫೋಟೋದಲ್ಲೂ ಹಾಕುವುದಿಲ್ಲ. ಪೋರ್ಟೊದಿಂದ ಪಿನ್ಯಾವ್‌ವರೆಗೆ ಸುಮಾರು 130 ಕಿಲೋಮೀಟರ್, ದಾರಿ ಸೊಗಸಾಗಿದೆ. ರೆಗುವಾದಿಂದ ಹೊಳೆಯ ದಂಡೆಯಲ್ಲೇ ಸಾಗುವ ಎನ್-222 ರಸ್ತೆಯಲ್ಲಿ ಓಡಿಸುವುದೇ ಒಂದು ಸಂತೋಷ. ಅಲ್ಲಿಂದ ಮೇಲಕ್ಕೆ ತಿರುಗಿದ ಮೇಲೆ ನೋಡಿ. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಗೋಡೆಯೇ ಇಲ್ಲ, ಎದುರಿನಿಂದ ತೋಟದ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಓಡಿಸಲೇಬೇಕು.

ನೀವು ಒಂಬತ್ತು ಜನ. ಚಾಲಕನೂ ಸೇರಿ ಒಂಬತ್ತು ಆಸನದ ವ್ಯಾನನ್ನು ಸಾಮಾನ್ಯ ಕಾರಿನ ಪರವಾನಗಿಯಲ್ಲೇ ಓಡಿಸಬಹುದಾದರೂ, ಅಂಥ ತಿರುವುಗಳಲ್ಲಿ ಅದನ್ನು ತಿರುಗಿಸುವುದಕ್ಕಿಂತ ಎರಡು ಸಣ್ಣ ಕಾರು ತೆಗೆದುಕೊಳ್ಳುವುದೇ ಜಾಣತನ. ಮೈದುನನವರು ಭಾರತದ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ಟನ್ನು ಆರ್‌ಟಿಒದಿಂದ ಮಾಡಿಸಿಕೊಂಡೇ ಬರಲಿ. 12 ವರ್ಷದೊಳಗಿನ, 135 ಸೆಂಟಿಮೀಟರಿಗಿಂತ ಗಿಡ್ಡ ಮಕ್ಕಳಿಗೆ ಮಕ್ಕಳ ಆಸನ ಕಡ್ಡಾಯ. ನಮ್ಮಲ್ಲಿಯಂತೆ ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ.

ಪೋರ್ಟೊ ಕನ್ನಡಿಗ:
ಹಿರಿಯರನ್ನು ರೈಲಿನಲ್ಲೂ ಕರೆತರಬಹುದು. ಪೋರ್ಟೊದಿಂದ ಪಿನ್ಯಾವ್‌ಗೆ ಎರಡೂವರೆ ಗಂಟೆಯ ಆಸುಪಾಸಿನ ಪ್ರಯಾಣ, ಕೊನೆಯ ಭಾಗದಲ್ಲಿ ಹಳಿ ಹೊಳೆಯ ಅಂಚಿನಲ್ಲೇ ಸಾಗುತ್ತದೆ. ಹೋಗುವಾಗ ಬಲಬದಿಯ ಕಿಟಕಿಯಲ್ಲಿ ಕೂರಿಸಿ. ಪಿನ್ಯಾವ್ ನಿಲ್ದಾಣದ ಗೋಡೆಗಳ ಮೇಲೆ ದ್ರಾಕ್ಷಿ ಕೊಯ್ಲಿನ ದೃಶ್ಯಗಳ ನೀಲಿ ಹೆಂಚಿನ ಚಿತ್ರಗಳಿವೆ, ಅವನ್ನು ನೋಡದೆ ಹೊರಬರಬೇಡಿ.

ವೀಸಾ ವಿಚಾರ:
ಮನೆಯ ಬಗ್ಗೆ ಜಗಳವಾಡುವ ಮೊದಲು ಪೋರ್ಚುಗಲ್ಲಿಗೆ ಬೇಕಾದ ಷೆಂಗೆನ್ ವೀಸಾದ ಲೆಕ್ಕ ಹಾಕಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ತಾವು ಕಾನೂನುಬದ್ಧವಾಗಿ ವಾಸಿಸುವ ದೇಶದಲ್ಲಿಯೇ ಅರ್ಜಿ ಹಾಕಬೇಕು. ಹಾಗಾಗಿ ಅತ್ತೆ-ಮಾವ ಮತ್ತು ಮೈದುನನವರು ಭಾರತದಿಂದ ಹೊರಡುವ ಮೊದಲೇ ವೀಸಾ ಪಡೆಯಲಿ, ಲೀಡ್ಸ್‌ಗೆ ಬಂದ ಮೇಲೆ ನೋಡೋಣವೆಂಬ ಯೋಚನೆ ಬೇಡ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೋ, ಅದಕ್ಕೂ ಚಿಕ್ಕವರಿಗೆ ಇಲ್ಲ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಲು ಅವಕಾಶವಿರುವಾಗ ಕೊನೆಯ ತಿಂಗಳವರೆಗೆ ಕಾಯುವುದೇಕೆ?

ಇನ್ನೊಂದು ವಿಷಯ. ಮನೆಯ ಮಾಲೀಕರು ಎಲ್ಲರ ಪಾಸ್‌ಪೋರ್ಟ್ ವಿವರ ಕೇಳಿದರೆ ಗಾಬರಿಯಾಗಬೇಡಿ. ವಿದೇಶಿ ಅತಿಥಿಗಳ ಮಾಹಿತಿಯನ್ನು ಸರ್ಕಾರಕ್ಕೆ ಸಲ್ಲಿಸುವುದು ಅವರ ಕಾನೂನುಬದ್ಧ ಹೊಣೆ.

ಒಗ್ಗರಣೆ:
ಸಸ್ಯಾಹಾರದ ವಿಷಯದಲ್ಲಿ ವಿಲ್ಲಾಕ್ಕೇ ನನ್ನ ಮತ, ಏಕೆಂದರೆ ಅಲ್ಲಿ ನಿಮ್ಮದೇ ಅಡುಗೆಮನೆ ಇರುತ್ತದೆ. ಹಳ್ಳಿಯ ಹೋಟೆಲುಗಳಲ್ಲಿ ಮಾಂಸ ಬೇಡವೆಂದರೆ ಮೀನು ತಂದಿಡುತ್ತಾರೆ. ಸೊಪ್ಪಿನ ಸಾರಿನಂತೆ ಕಾಣುವ ಕಾಲ್ದು ವೆರ್ದೆಯಲ್ಲಿ ಹಂದಿಮಾಂಸದ ಸಾಸೇಜಿನ ತುಂಡು ತೇಲುತ್ತಿರುತ್ತದೆ, ಮಕ್ಕಳು ಆಸೆಪಡುವ ಪಾಸ್ತೆಲ್ ದೆ ನಾತಾದಲ್ಲಿ ಮೊಟ್ಟೆಯ ಹಳದಿಯೇ ಪ್ರಧಾನ. ಕೂತ ಕೂಡಲೇ ಮೇಜಿನ ಮೇಲೆ ಇಡುವ ಬ್ರೆಡ್ಡು, ಆಲಿವ್‌ಗಳಿಗೆ ಹಣ ಕೊಡಬೇಕು. ಬೇಡವಾದರೆ ಮುಟ್ಟದೆ ವಾಪಸು ಕಳಿಸಿ.

ಆದರೆ ಅಂಗಡಿಗಳಲ್ಲಿ ಸಿಗುವ ಸಾಮಾನು ನೋಡಿದರೆ ಸಂತೋಷವಾಗುತ್ತದೆ. ಯುರೋಪಿನಲ್ಲಿ ತಲಾವಾರು ಅತಿ ಹೆಚ್ಚು ಅನ್ನ ಉಣ್ಣುವವರು ಪೋರ್ಚುಗೀಸರು. ಅವರ ಕರೊಲಿನೊ ಅಕ್ಕಿ ದುಂಡಗೆ, ಸ್ವಲ್ಪ ಅಂಟು. ಮೊಸರನ್ನಕ್ಕೂ ಬಿಸಿಬೇಳೆಬಾತಿಗೂ ಹೇಳಿ ಮಾಡಿಸಿದ್ದು. ಉದುರುದುರಾಗಿ ಬೇಕಾದರೆ ಅಗುಲ್ಯಾ ಎಂಬುದನ್ನು ಕೊಳ್ಳಿ. ಕಡಲೆಕಾಳು, ಬಗೆಬಗೆಯ ಹುರುಳಿಕಾಯಿ ಬೀಜಗಳು, ಕಟ್ಟುಗಟ್ಟಲೆ ಕೊತ್ತಂಬರಿ ಸೊಪ್ಪು ಎಲ್ಲ ಕಡೆಯೂ ಇದೆ. ಸೆರ್ರಾ ದ ಎಸ್ಟ್ರೆಲಾದ ಕುರಿಹಾಲಿನ ಚೀಸನ್ನು ಪ್ರಾಣಿಗಳ ಹೊಟ್ಟೆಯಿಂದ ತೆಗೆಯುವ ರೆನೆಟ್ ಎಂಬ ಹೆಪ್ಪನ್ನು ಬಳಸದೆ ಒಂದು ಬಗೆಯ ಮುಳ್ಳುಗಿಡದ ಹೂವಿನಿಂದ ಹೆಪ್ಪುಹಾಕುತ್ತಾರೆ, ಆದ್ದರಿಂದ ನಿಮ್ಮ ಅತ್ತೆಯವರೂ ತಿನ್ನಬಹುದು. ತೊಗರಿಬೇಳೆ, ಹುಣಸೆ, ಸಾರಿನ ಪುಡಿ ಮಾತ್ರ ನೀವೇ ಒಯ್ಯಿರಿ.

ಸ್ಟಿಯರಿಂಗ್ ಹಿಂದೆ:
ಕುಕ್ಕರನ್ನೂ ಒಯ್ಯಲಿ ಎನ್ನುತ್ತೀರಾ?

ಒಗ್ಗರಣೆ:
ಒಲೆ ಯಾವುದೆಂದು ಮೊದಲು ಕೇಳಲಿ. ಈಚೆಗೆ ದುರಸ್ತಿ ಮಾಡಿದ ಮನೆಗಳಲ್ಲಿ ಇಂಡಕ್ಷನ್ ಒಲೆ ಇರುತ್ತದೆ, ಅದರ ಮೇಲೆ ನಮ್ಮ ಮಾಮೂಲಿ ಅಲ್ಯುಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ತಳದಲ್ಲಿ ಇಂಡಕ್ಷನ್ ಗುರುತಿರುವ ಸ್ಟೀಲಿನದಾದರೆ ಸರಿ. ಹಳೆಯ ಮನೆಗಳಲ್ಲಿ ಸಿಲಿಂಡರ್ ಗ್ಯಾಸ್ ಇರುತ್ತದೆ, ಒಗ್ಗರಣೆಗೆ ಅದೇ ಉತ್ತಮ.

ಬ್ರೇಕರ್ ಬಿತ್ತು:
ಒಲೆಯ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ. ಅಲ್ಲಿ ಪ್ರತಿ ಮನೆಗೂ ಕರಾರಿನ ವಿದ್ಯುತ್ ಮಿತಿ ಇರುತ್ತದೆ. 3.45 ಅಥವಾ 6.9 ಕೆವಿಎ ಇರುವ ಮನೆಯಲ್ಲಿ ಎಸಿ, ಓವನ್, ಕೆಟಲ್ ಒಟ್ಟಿಗೆ ಹಾಕಿದರೆ ಮುಖ್ಯ ಸ್ವಿಚ್ ಬಿದ್ದು ಮನೆಯೆಲ್ಲ ಕತ್ತಲೆ. ಒಂಬತ್ತು ಜನರಿಗೆ ಬೆಳಗಿನ ಕಾಫಿ, ತಿಂಡಿ, ಸ್ನಾನ ಎಲ್ಲವೂ ಒಂದೇ ಹೊತ್ತಿನಲ್ಲಿ ನಡೆಯುತ್ತದೆ ಎಂಬುದನ್ನು ನೆನಪಿಡಿ. ಬೆಟ್ಟದ ಮನೆಗಳಿಗೆ ಹೆಚ್ಚಾಗಿ ಕೊಳವೆಬಾವಿಯ ನೀರು, ಅದನ್ನು ಎತ್ತುವುದೂ ಮೋಟರೇ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಎರಡರಲ್ಲೂ ವಿದ್ಯುತ್ ಹೋದಾಗ ನಾವು ಅಂಥದ್ದೇ ಮನೆಯಲ್ಲಿದ್ದೆವು. ದೀಪವಿಲ್ಲದ್ದು ದೊಡ್ಡ ವಿಷಯವಾಗಲಿಲ್ಲ, ಸಂಜೆಯವರೆಗೆ ನಲ್ಲಿಯಲ್ಲಿ ಹನಿ ನೀರಿಲ್ಲದ್ದು ದೊಡ್ಡ ವಿಷಯವಾಯಿತು. ಈಜುಕೊಳದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಶೌಚಾಲಯಕ್ಕೆ ಹಾಕಿದೆವು.

ಕುಡ್ಲದ ಕುವರಿ:
ಆಗಸ್ಟಿನ ಬಗ್ಗೆ ಯಾರೂ ಹೇಳದ ಒಂದು ಸಂಗತಿ: ಫ್ರಾನ್ಸ್, ಲಕ್ಸೆಂಬರ್ಗ್, ಸ್ವಿಟ್ಜರ್ಲೆಂಡ್‌ಗಳಿಗೆ ವಲಸೆ ಹೋದವರೆಲ್ಲ ಊರಿಗೆ ಮರಳುವ ತಿಂಗಳದು. ವರ್ಷವಿಡೀ ಮುದುಕರಷ್ಟೇ ಇರುವ ಹಳ್ಳಿ ಆಗ ತುಂಬಿ ತುಳುಕುತ್ತದೆ. ಊರ ದೇವಮಾತೆಯ ಹಬ್ಬ, ಮೆರವಣಿಗೆ, ವಾದ್ಯಮೇಳ, ನಡುರಾತ್ರಿಯ ಮೇಲೂ ಹಾಡು. ನಮ್ಮ ಮಂಗಳೂರಿನ ಕಡೆಯ ಚರ್ಚಿನ ಹಬ್ಬಗಳನ್ನು ಕಂಡವರಿಗೆ ಬಹಳಷ್ಟು ಪರಿಚಿತವಾಗಿಯೇ ಕಾಣುತ್ತದೆ, ಅದಕ್ಕೆ ಚರಿತ್ರೆಯ ಕಾರಣವೂ ಇದೆ. ನನಗಂತೂ ಅದೇ ಇಷ್ಟ. ಮೌನ ಹುಡುಕಿಕೊಂಡು ಹೋದವರು ಮಾತ್ರ ಮಾಲೀಕರ ಮೇಲೆ ರೇಗುತ್ತಾರೆ.

ಮಲೆನಾಡ ಮೇಷ್ಟ್ರು:
ಉಳ್ಳಾಲದ ಅಬ್ಬಕ್ಕ ರಾಣಿ ಪೋರ್ಚುಗೀಸರನ್ನು ಓಡಿಸಿದಳು, ಈಗ ನಾವು ಅವರ ಊರಿಗೆ ಬಾಡಿಗೆ ಕೊಟ್ಟು ಹೋಗುತ್ತಿದ್ದೇವೆ!

ಕುಡ್ಲದ ಕುವರಿ:
ಮೇಷ್ಟ್ರೇ, ಬಾಡಿಗೆ ಕೊಟ್ಟೇ ಹೋಗುತ್ತಿದ್ದೇವಲ್ಲ, ಅವರು ಕಪ್ಪ ಕೇಳುತ್ತ ಬಂದಿದ್ದರು. ಅಷ್ಟು ವ್ಯತ್ಯಾಸವಿದೆ.

ಎರಡು ಮಕ್ಕಳ ತಾಯಿ:
ಐದು ವರ್ಷದ ಮಗುವಿರುವಾಗ ನಾನು ನೋಟಕ್ಕಿಂತ ಮೊದಲು ಈಜುಕೊಳವನ್ನು ನೋಡುತ್ತೇನೆ. ಬೇಲಿ ಇದ್ದೇ ಇರುತ್ತದೆ ಎಂದು ದಯವಿಟ್ಟು ಭಾವಿಸಬೇಡಿ. ಅಂಚಿಲ್ಲದೆ ಕಣಿವೆಗೆ ಜಾರಿದಂತೆ ಕಾಣುವ ಕೊಳಗಳು ಫೋಟೋದಲ್ಲಿ ಮೋಹಕ, ಮಗುವಿನ ಹಿಂದೆ ಓಡುವವರಿಗೆ ಪ್ರಾಣಸಂಕಟ. ಇಳಿಜಾರಿನ ಮನೆಯೆಂದರೆ ಅಡುಗೆಮನೆ ಒಂದು ಮಟ್ಟದಲ್ಲಿ, ಮಲಗುವ ಕೋಣೆ ಇನ್ನೊಂದರಲ್ಲಿ, ಕೊಳ ಅದಕ್ಕೂ ಕೆಳಗೆ. ನಿಮ್ಮ ಮಾವನವರಿಗಾಗಿ ಒಂದು ಸ್ನಾನದ ಕೋಣೆ ಮತ್ತು ಒಂದು ಮಲಗುವ ಕೋಣೆ ಅಡುಗೆಮನೆಯ ಮಟ್ಟದಲ್ಲೇ ಇವೆಯೇ ಎಂದು ಕೇಳಿ. ಕಾರು ನಿಲ್ಲುವ ಜಾಗದಿಂದ ಮುಂಬಾಗಿಲವರೆಗೆ ಮೊಬೈಲಿನಲ್ಲಿ ನಡೆಯುತ್ತಲೇ ಒಂದು ವಿಡಿಯೋ ಮಾಡಿ ಕಳಿಸಿರೆಂದರೆ ಒಳ್ಳೆಯ ಮಾಲೀಕರು ಕಳಿಸುತ್ತಾರೆ. ಕಳಿಸದಿದ್ದರೆ ಅದೂ ಒಂದು ಉತ್ತರವೇ.

ಹಸಿರು ಮಿನ್ಯೊ:
ಆಗಸ್ಟೇ ಆಗಬೇಕೆಂದಾದರೆ ಕಣಿವೆ ಬಿಟ್ಟು ಉತ್ತರಕ್ಕೆ, ಮಿನ್ಯೊ ಸೀಮೆಗೆ ಹೋಗಿ. ಪೊಂತೆ ದೆ ಲಿಮಾ ಸುತ್ತ ಕಣಜ, ಅಂಗಳ, ಬಾವಿ ಇರುವ ಹಳೆಯ ಗ್ರಾನೈಟ್ ಮನೆಗಳನ್ನು ಅತಿಥಿಗಳಿಗೆ ಕೊಡುತ್ತಾರೆ. ಕಡಲು ಹತ್ತಿರವಿರುವುದರಿಂದ ಸೆಖೆ ಕಡಿಮೆ. ಆ ದೇಶದ ಏಕೈಕ ರಾಷ್ಟ್ರೀಯ ಉದ್ಯಾನವಾದ ಪೆನೆಡಾ-ಜೆರೆಸ್ ಪಕ್ಕದಲ್ಲೇ ಇದೆ. ಸೊವಾಜು, ಲಿಂದೊಸುಗಳಲ್ಲಿ ಕಲ್ಲಿನ ಕಾಲುಗಳ ಮೇಲೆ ನಿಂತ ಮೆಕ್ಕೆಜೋಳದ ಕಣಜಗಳ ಸಾಲು ನೋಡಿದರೆ ಮಾವನವರು ಅಲ್ಲಿಂದ ಕದಲಲಾರರು. ಆಗಸ್ಟ್ 20ರ ಆಸುಪಾಸಿನಲ್ಲಿ ವಿಯಾನಾ ದು ಕಾಸ್ತೆಲುವಿನ ದೊಡ್ಡ ಹಬ್ಬದಲ್ಲಿ ಹೆಂಗಸರು ಮೈತುಂಬ ಚಿನ್ನ ಹೇರಿಕೊಂಡು ಮೆರವಣಿಗೆಯಲ್ಲಿ ಬರುತ್ತಾರೆ, ಅದು ಅತ್ತೆಯವರಿಗಾಗಿ.

ಕಾಡಂಚು:
ಮಿನ್ಯೊ ಬೆಂಕಿಯಿಂದ ಮುಕ್ತವೆಂದು ಯಾರೂ ತಿಳಿಯಬಾರದು. ಜೆರೆಸ್ ಬೆಟ್ಟಗಳಲ್ಲೂ ಬೆಂಕಿ ಬಿದ್ದಿದೆ.

ಹಸಿರು ಮಿನ್ಯೊ:
ಒಪ್ಪಿದೆ. ಸೆಖೆಯ ಬಗ್ಗೆ ನಾನು ಹೇಳಿದ ಮಾತು ನಿಲ್ಲುತ್ತದೆ.

ಲೆಕ್ಕಪತ್ರ:
ಮನೆ ಯಾವುದೇ ಆಗಲಿ, ಜಾಹೀರಾತಿನಲ್ಲಿ ಎಎಲ್ (ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆ) ಎಂದು ಕೊನೆಗೊಳ್ಳುವ ನೋಂದಣಿ ಸಂಖ್ಯೆಯೋ ಗ್ರಾಮೀಣ ಪ್ರವಾಸದ ಪರವಾನಗಿಯೋ ಇರಬೇಕು. ಅಧಿಕೃತ ಮನೆಗಳಲ್ಲಿ ದೂರುಪುಸ್ತಕವನ್ನೂ ಇಟ್ಟಿರಬೇಕು, ಅದರಲ್ಲಿ ಬರೆದ ದೂರು ಸರ್ಕಾರದ ಕಣ್ಣಿಗೆ ಬೀಳುತ್ತದೆ. ನಮ್ಮ ಪರಿಚಯದವರೊಬ್ಬರಿಗೆ ಜಾಲತಾಣದ ಹೊರಗೆ ನೇರವಾಗಿ ಬ್ಯಾಂಕಿಗೆ ಹಣ ಹಾಕಿದರೆ ರಿಯಾಯಿತಿ ಕೊಡುವೆನೆಂದ ಮಾಲೀಕ, ಹಣ ಬಂದ ಮೇಲೆ ಫೋನ್ ಎತ್ತಲೇ ಇಲ್ಲ. ಜುಲೈ-ಆಗಸ್ಟಿನಲ್ಲಿ ಬಹಳಷ್ಟು ಮನೆಗಳು ಶನಿವಾರದಿಂದ ಶನಿವಾರಕ್ಕೆ ಮಾತ್ರ ಸಿಗುತ್ತವೆ ಎಂಬುದನ್ನೂ ವಿಮಾನದ ಟಿಕೆಟಿಗೆ ಮೊದಲು ನೋಡಿಕೊಳ್ಳಿ.

ಓದುವ ಹುಡುಗರ ಅಪ್ಪ:
ನಾನು ಮೊದಲಿನಿಂದ ಓದುತ್ತ ಬಂದೆ, ಒಂದು ವಿಷಯ ಅರ್ಥವಾಗಲಿಲ್ಲ. ಬೆಂಗಳೂರಿನ ಮಕ್ಕಳಿಗೆ ಆಗಸ್ಟಿನಲ್ಲಿ ರಜೆ ಎಲ್ಲಿದೆ? ಜೂನ್ ಆರಂಭಕ್ಕೇ ಶಾಲೆ ತೆರೆದಿರುತ್ತದಲ್ಲ?

ಶರಾವತಿ ತೀರ:
ಒಂದು ವಾರ ಶಾಲೆ ತಪ್ಪಿಸಿ ಬರುವುದೆಂದು ಮೈದುನ ಹೇಳಿದ್ದಾನೆ. ನಮ್ಮ ಮಗಳಿಗೆ ಇಲ್ಲಿ ಜುಲೈ ಕೊನೆಯವರೆಗೂ ಶಾಲೆ ಇರುವುದರಿಂದ ಆಗಸ್ಟೇ ಆಗಬೇಕೆಂದು ನಾನೇ ಹಿಡಿದಿದ್ದು.

ಓದುವ ಹುಡುಗರ ಅಪ್ಪ:
ಇಂಗ್ಲೆಂಡಿನ ಶಾಲೆಗಳಿಗೆ ಮೇ ಕೊನೆಯಲ್ಲಿ ಒಂದು ವಾರ ರಜೆ ಇರುತ್ತದೆ. ಕರ್ನಾಟಕದ ಬೇಸಿಗೆ ರಜೆ ಆಗಿನ್ನೂ ಮುಗಿದಿರುವುದಿಲ್ಲ, ಇಲ್ಲವೇ ಮುಗಿಯುವ ಹಂತದಲ್ಲಿರುತ್ತದೆ. ಎರಡೂ ಶಾಲೆಗಳ ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹೊಂದಿದರೆ ಯಾವ ಮಗುವೂ ಶಾಲೆ ತಪ್ಪಿಸಬೇಕಾಗಿಲ್ಲ.

ಪೋರ್ಟೊ ಕನ್ನಡಿಗ:
ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲಿ ಬಂದಿಲ್ಲ. ಮೇ ಕೊನೆಯಲ್ಲಿ ದ್ರಾಕ್ಷಿ ಬಳ್ಳಿಗಳು ಎಳೆ ಹಸಿರು, ಹಗಲು ಹಿತವಾದ ಬಿಸಿಲು, ರಾತ್ರಿ ಒಂದು ಸ್ವೆಟರ್. ಕಾಡ್ಗಿಚ್ಚಿನ ಕಾಲ ಇನ್ನೂ ಬಂದಿರುವುದಿಲ್ಲ, ಬಾಡಿಗೆಯೂ ಆಗಸ್ಟಿನಷ್ಟು ಏರಿರುವುದಿಲ್ಲ. ನಿಮಗೆ ಹಿಡಿಸಿದ ಮನೆಯನ್ನು ಬಿಡಬೇಕಾಗಿಯೇ ಇಲ್ಲ.

ಅಂಚೆಪೆಟ್ಟಿಗೆ:
ಈಜುಕೊಳ ಮಾತ್ರ ಮಂಜಿನ ನೀರಿನಂತಿರುತ್ತದೆ, ಮಕ್ಕಳು ನಿಮ್ಮನ್ನು ಕ್ಷಮಿಸುವುದಿಲ್ಲ. ಕೊಯ್ಲೂ ನೋಡಲು ಸಿಗುವುದಿಲ್ಲ, ಅದು ಸೆಪ್ಟೆಂಬರಿನಲ್ಲಿ. ಮಳೆಯೂ ಒಂದೆರಡು ದಿನ ಬರಬಹುದು.

ಎರಡು ಮಕ್ಕಳ ತಾಯಿ:
ತಣ್ಣೀರಿಗೆ ಹೆದರುವುದು ದೊಡ್ಡವರು, ಮಕ್ಕಳಲ್ಲ. ಮೈ ನೀಲಿಯಾಗುವವರೆಗೂ ಅವರು ಮೇಲೇಳುವುದಿಲ್ಲ.

ಶರಾವತಿ ತೀರ:
ಎಲ್ಲರಿಗೂ ಧನ್ಯವಾದ. ಶಾಲೆಯ ದಿನಾಂಕಗಳು ಐದು ದಿನ ಹೊಂದುತ್ತಿವೆ, ಮೇ ಕೊನೆಯ ವಾರಕ್ಕೆ ಮನೆಯವರೂ ಒಪ್ಪಿದ್ದಾರೆ. ಆದರೆ ನೀವು ಹೇಳಿದಂತೆ ವಿಡಿಯೋ ಕೇಳಿದಾಗ ತಿಳಿಯಿತು: ಕಾರು ನಿಲ್ಲಿಸುವ ಜಾಗದಿಂದ ನನ್ನ ಮೆಚ್ಚಿನ ಮನೆಗೆ ಹಿಡಿದುಕೊಳ್ಳಲು ಕಂಬಿಯಿಲ್ಲದ ನಲವತ್ತಕ್ಕೂ ಹೆಚ್ಚು ಕಲ್ಲುಮೆಟ್ಟಿಲುಗಳಿವೆ. ಮಾವನವರು ಹತ್ತುತ್ತೇನೆ ಎನ್ನುತ್ತಿದ್ದಾರೆ. ಅವರು ಹಾಗೆಯೇ ಹೇಳುವವರು, ನಾನು ಒಪ್ಪುವುದಿಲ್ಲ. ಅದೇ ಸುತ್ತಿನಲ್ಲಿ ಸಮತಟ್ಟಾದ ಜಾಗವಿದೆಯೇ?

ಪೋರ್ಟೊ ಕನ್ನಡಿಗ:
ಪಿನ್ಯಾವ್‌ಗಿಂತ ಮೇಲೆ, ಪ್ರೊವೆಸೆಂದೆ ಎಂಬ ಹಳ್ಳಿಯ ಕಡೆ ನೋಡಿ. ಅದು ಇಳಿಜಾರು ಮುಗಿದು ಬಯಲಾಗುವಲ್ಲಿ ಇದೆ, ಕಾರು ಬಾಗಿಲವರೆಗೆ ಹೋಗುವ ಹಳೆಯ ಮನೆಗಳು ಸಿಕ್ಕಾವು, ಕೆಳಗಿಗಿಂತ ಗಾಳಿಯೂ ತಂಪು. ನೋಟಕ್ಕಾಗಿ ಕಸಾಲ್ ದೆ ಲೊಯ್ವುಶ್ ಎಂಬ ಊರಿನ ಕಟ್ಟೆಗೆ ಕಾರಿನಲ್ಲೇ ಹೋಗಿ ಬನ್ನಿ. ಇಡೀ ಹೊಳೆಯ ತಿರುವು ಅಲ್ಲಿಂದ ಕಾಣುತ್ತದೆ.

ಶರಾವತಿ ತೀರ:
ಇವತ್ತೇ ಹುಡುಕುತ್ತೇನೆ. ಅತ್ತೆಯವರು ಊರಿನಿಂದ ತುಪ್ಪ ಮತ್ತು ಕರಿಬೇವು ತರುವೆನೆಂದು ಹಟ ಹಿಡಿದಿದ್ದಾರೆ, ಬಿಡುತ್ತಾರೆಯೇ?

ಒಗ್ಗರಣೆ:
ಎರಡನ್ನೂ ಬಿಡುವುದಿಲ್ಲ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ಸಾಮಾನಿನಲ್ಲಿ ತರುವಂತಿಲ್ಲ, ಬ್ರಿಟನ್ನೂ ಈಗ ಹೊರಗಿನ ದೇಶವೇ. ಹಸಿ ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿನಂಥ ಕೆಲವಕ್ಕಷ್ಟೇ ವಿನಾಯಿತಿ. ಪೋರ್ಚುಗಲ್ಲಿನ ಯಾವ ಅಂಗಡಿಯಲ್ಲೂ ಅಸೋರ್ಸ್ ದ್ವೀಪಗಳ ಬೆಣ್ಣೆ ಸಿಗುತ್ತದೆ. ಉಪ್ಪು ಹಾಕದ್ದನ್ನು ಕೇಳಿ ಕೊಂಡು, ಬಂದ ದಿನವೇ ಕಾಯಿಸಿಕೊಳ್ಳಲಿ.